ಖಾಲಿ ಓಡುವ ಲಾರಿ, ಲಂಗರು ಹಾಕಿ ಕಾಯುವ ಹಡಗು: ಡಿಜಿಟಲ್ ವ್ಯವಸ್ಥೆ ಸರಕು ಸಾಗಣೆಯ ಹೊಗೆಯನ್ನು ನಿಜಕ್ಕೂ ಇಳಿಸುತ್ತಿದೆಯೇ?

ಸರಕು ಯೋಜಕ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಸರಕು ಸಾಗಣೆಯ ಯೋಜನೆ ಹಾಕುವುದೇ ಹನ್ನೊಂದು ವರ್ಷಗಳಿಂದ ನನ್ನ ಕೆಲಸ. ಇತ್ತೀಚೆಗೆ ನಮ್ಮ ಸಂಸ್ಥೆ ಲಾರಿಗಳಿಗೆ ಜಿಪಿಎಸ್ ಮತ್ತು ಇಂಧನ ಅಳೆಯುವ ಸೆನ್ಸರ್ ಅಳವಡಿಸಿತು, ಮಾರ್ಗ ನಿಗದಿಯನ್ನು ತಂತ್ರಾಂಶಕ್ಕೆ ಒಪ್ಪಿಸಿತು, ಗೋದಾಮಿನಲ್ಲಿ ಕಪಾಟುಗಳನ್ನೇ ಹೊತ್ತು ತರುವ ರೋಬೋಟ್‌ಗಳನ್ನು ತಂದಿತು. ಇವೆಲ್ಲದರ ಖರ್ಚನ್ನು ಬರೆದದ್ದು ‘ಸುಸ್ಥಿರ ಸಾಗಣೆ’ ಎಂಬ ಒಂದೇ ತಲೆಬರಹದ ಅಡಿಯಲ್ಲಿ. ವರ್ಷದ ಕೊನೆಗೆ ಬಂದ ವರದಿಯ ಪ್ರಕಾರ ಪ್ರತಿ ಟನ್-ಕಿಲೋಮೀಟರಿಗೆ, ಅಂದರೆ ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಸಾಗಿಸಲು, ನಾವು ಹೊರಬಿಡುವ ಇಂಗಾಲ ಗಣನೀಯವಾಗಿ ಇಳಿದಿತ್ತು.

ಅದೇ ವಾರ ಡೀಸೆಲ್ ಖರೀದಿಯ ಲೆಡ್ಜರ್ ಕೂಡ ನನ್ನ ಮೇಜಿಗೆ ಬಂತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದಕ್ಕೊಂದು ತಾಳೆಯಾಗಲಿಲ್ಲ. ಸಾಗಿಸಿದ ಸರಕು ಹೆಚ್ಚುಕಡಿಮೆ ಹಿಂದಿನ ವರ್ಷದಷ್ಟೇ ಇತ್ತು, ಡೀಸೆಲ್ ಕೂಡ ಹೆಚ್ಚುಕಡಿಮೆ ಅಷ್ಟೇ ಖರ್ಚಾಗಿತ್ತು. ಎರಡು ದಿನ ಕೂತು ಒಂದೊಂದೇ ಟ್ರಿಪ್ ಪರಿಶೀಲಿಸಿದ ಮೇಲೆ ಕಾರಣ ತಿಳಿಯಿತು. ಹಿಂದಿನ ವರ್ಷದ ಲೆಕ್ಕವನ್ನು ಇಂಧನ ಖರೀದಿಯಿಂದ ತೆಗೆದಿದ್ದರು, ಈ ವರ್ಷದ್ದನ್ನು ಹೊಸ ತಂತ್ರಾಂಶದ ಟ್ರಿಪ್ ದಾಖಲೆಯಿಂದ ತೆಗೆದಿದ್ದರು. ಸರಕು ಇಳಿಸಿದ ಕೂಡಲೇ ಆ ತಂತ್ರಾಂಶ ಟ್ರಿಪ್ ‘ಮುಗಿಯಿತು’ ಎಂದು ಗುರುತು ಹಾಕುತ್ತಿತ್ತು. ಗಾಡಿ ಖಾಲಿಯಾಗಿ ವಾಪಸ್ ಬಂದ ದಾರಿ ಯಾವ ಟ್ರಿಪ್‌ನ ಖಾತೆಗೂ ಸೇರುತ್ತಿರಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ, ಆದರೂ ಇಲ್ಲದ ಸಾಧನೆಯೊಂದು ವರದಿಯಲ್ಲಿ ಅಚ್ಚಾಗಿತ್ತು.

ಇದು ನನ್ನನ್ನು ತುಂಬಾ ಕಾಡಿತು. ಯುರೋಪಿಯನ್ ಒಕ್ಕೂಟದಂಥ ಸುಸಜ್ಜಿತ ವ್ಯವಸ್ಥೆಯಲ್ಲಿಯೇ ಸರಕು ಲಾರಿಗಳು ಓಡುವ ಕಿಲೋಮೀಟರುಗಳಲ್ಲಿ ಸುಮಾರು ಐದನೇ ಒಂದು ಭಾಗ ಖಾಲಿ ಓಟ. ಈ ಕ್ಷೇತ್ರದ ಅತಿ ದೊಡ್ಡ ಪೋಲು ಇದೇ ಆಗಿರುವಾಗ ನಾವು ಕೊಂಡ ಯಂತ್ರಗಳು ಮತ್ತು ತಂತ್ರಾಂಶಗಳು ಅದನ್ನು ತಗ್ಗಿಸುತ್ತಿವೆಯೋ ಅಥವಾ ಮರೆಮಾಡುತ್ತಿವೆಯೋ ಎಂಬುದೇ ನನ್ನ ಪ್ರಶ್ನೆ. ಯಾವ ಡಿಜಿಟಲ್ ಕ್ರಮದಿಂದ ನಿಜವಾಗಿ ಇಂಧನ ಉಳಿದದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ? ದಯವಿಟ್ಟು ತಿಳಿಸಿ.

ಇಂಗಾಲ ಲೆಕ್ಕ ತಪಾಸಕಿ

ನೀವು ಹೇಳಿದ ತಪ್ಪನ್ನು ನಾನು ತಪಾಸಣೆಗೆ ಹೋದ ಕಡೆಯೆಲ್ಲ ಕಾಣುತ್ತೇನೆ. ಅದು ಎಷ್ಟು ದೊಡ್ಡ ತಪ್ಪು ಎಂಬುದು ಅಂಕಿಗಳಲ್ಲಿ ನೋಡಿದರೆ ಮಾತ್ರ ಮನದಟ್ಟಾಗುತ್ತದೆ. ಉದಾಹರಣೆಗಾಗಿ, ಒಂದು ಲಾರಿ 20 ಟನ್ ಹೊತ್ತು 300 ಕಿಲೋಮೀಟರ್ ಹೋಗಲು 100 ಲೀಟರ್, ಖಾಲಿ ಮರಳಲು 65 ಲೀಟರ್ ಡೀಸೆಲ್ ಉರಿಸುತ್ತದೆ ಎಂದಿಟ್ಟುಕೊಳ್ಳೋಣ. ಸಾಗಿಸಿದ್ದು 6,000 ಟನ್-ಕಿಲೋಮೀಟರ್. ಹೋಗುವ ದಾರಿಯನ್ನಷ್ಟೇ ಲೆಕ್ಕ ಹಿಡಿದರೆ ಟನ್-ಕಿಲೋಮೀಟರಿಗೆ 16.7 ಮಿಲಿಲೀಟರ್ ಬರುತ್ತದೆ, ಎರಡೂ ದಾರಿ ಸೇರಿಸಿದರೆ 27.5 ಮಿಲಿಲೀಟರ್. ಈಗ ಅದೇ ಲಾರಿಗೆ ವಾಪಸ್ ಬರುವಾಗ 10 ಟನ್ ಲೋಡು ಸಿಕ್ಕಿತು, ಮರಳುವ ಖರ್ಚು 80 ಲೀಟರಿಗೆ ಏರಿತು ಎನ್ನಿ. ಒಟ್ಟು 180 ಲೀಟರಿನಲ್ಲಿ 9,000 ಟನ್-ಕಿಲೋಮೀಟರ್ ಸಾಗಣೆ, ಅಂದರೆ ಟನ್-ಕಿಲೋಮೀಟರಿಗೆ 20 ಮಿಲಿಲೀಟರ್. ನಿಜವಾದ ಉಳಿತಾಯ ಇದು. ಆದರೆ ಖಾಲಿ ಓಟವನ್ನು ಬಿಟ್ಟ ತಪ್ಪು ಲೆಕ್ಕದ 16.7ರ ಪಕ್ಕದಲ್ಲಿ ಈ 20 ಕಳಪೆಯಾಗಿ ಕಾಣುತ್ತದೆ. ವಾಪಸ್ ಲೋಡು ಹುಡುಕಲು ಕಷ್ಟಪಟ್ಟವರೇ ವರದಿಯಲ್ಲಿ ಹಿಂದೆ ಬೀಳುತ್ತಾರೆ.

2023ರಲ್ಲಿ ಪ್ರಕಟವಾದ ಐಎಸ್‌ಒ 14083 ಎಂಬ ಅಂತರರಾಷ್ಟ್ರೀಯ ಮಾನದಂಡವು ಸಾಗಣೆ ಸರಪಳಿಯ ಹಸಿರುಮನೆ ಅನಿಲಗಳನ್ನು ಲೆಕ್ಕ ಹಾಕುವುದಕ್ಕೆಂದೇ ಬಂದದ್ದು. ಖಾಲಿ ಓಟವನ್ನು ಸೇರಿಸಲೇಬೇಕೆಂದು ಅದು ಹೇಳುತ್ತದೆ. ಗೋದಾಮು, ಟರ್ಮಿನಲ್‌ಗಳ ಖರ್ಚನ್ನೂ, ಇಂಧನ ಟ್ಯಾಂಕಿಗೆ ಬರುವ ಮೊದಲೇ ಅದರ ಉತ್ಪಾದನೆಯಲ್ಲಿ ಹೊರಬಿದ್ದ ಅನಿಲವನ್ನೂ ಒಳಗೊಳ್ಳಬೇಕೆನ್ನುತ್ತದೆ. ಅದರಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ದೂರದ ನಿಯಮ. ಟನ್-ಕಿಲೋಮೀಟರ್ ಲೆಕ್ಕಕ್ಕೆ ಗಾಡಿ ನಿಜವಾಗಿ ಓಡಿದ ದೂರವನ್ನು ಹಿಡಿಯದೆ, ಎರಡು ಸ್ಥಳಗಳ ನಡುವಣ ಅತಿ ಕಡಿಮೆ ಸಾಧ್ಯ ದೂರವನ್ನೋ ಭೂಗೋಳದ ಮೇಲಿನ ನೇರ ದೂರವನ್ನೋ ಹಿಡಿಯಬೇಕು. ಓಡಿದ ದೂರವನ್ನೇ ಹಿಡಿದರೆ, ಸುತ್ತುಬಳಸಿ ಹೋದ ಗಾಡಿಗೆ ಹೆಚ್ಚು ಟನ್-ಕಿಲೋಮೀಟರ್ ಸಿಕ್ಕಿ ಅದರ ಸಾಧನೆ ಚೆನ್ನಾಗಿದ್ದಂತೆ ತೋರುತ್ತದೆ. ನಿಮ್ಮ ತಂತ್ರಾಂಶ ಜಿಪಿಎಸ್ ದೂರದಿಂದಲೇ ನೇರವಾಗಿ ಭಾಗಿಸುತ್ತಿದ್ದರೆ ಅಲ್ಲಿಯೂ ಒಂದು ದೋಷ ಅಡಗಿದೆ, ದಯವಿಟ್ಟು ಪರಿಶೀಲಿಸಿ.

ದೂರದ ದಾರಿಯ ಚಾಲಕ

ಯೋಜಕರೇ, ಖಾಲಿ ಓಟದ ಜೊತೆಗೆ ಕಾಯುವ ಹೊತ್ತನ್ನೂ ದಯವಿಟ್ಟು ಬರೆದುಕೊಳ್ಳಿ. ನಮ್ಮ ಗಾಡಿಗೂ ಮಾರ್ಗ ಹೇಳುವ ಆ್ಯಪ್ ಇದೆ. ಎಲ್ಲಿ ತಿರುಗಬೇಕು, ಎಷ್ಟು ವೇಗದಲ್ಲಿ ಹೋಗಬೇಕು, ಬ್ರೇಕ್ ಎಷ್ಟು ಸಲ ಜೋರಾಗಿ ಹಾಕಿದೆ ಎಂಬುದೆಲ್ಲ ಅದಕ್ಕೆ ಗೊತ್ತು. ಕಳೆದ ತಿಂಗಳು ಒಂದು ಗೋದಾಮಿನಲ್ಲಿ ನನಗೆ ಬೆಳಗಿನ ಆರೂವರೆಯ ಸ್ಲಾಟ್ ಕೊಟ್ಟಿದ್ದರು. ಅದನ್ನು ಹಿಡಿಯಲು ರಾತ್ರಿ ನಿದ್ದೆ ಮೊಟಕುಗೊಳಿಸಿ ಆರು ಗಂಟೆ ಹತ್ತು ನಿಮಿಷಕ್ಕೆ ಗೇಟಿನ ಮುಂದೆ ನಿಂತೆ. ನನ್ನ ಮುಂದೆ ಹದಿನಾಲ್ಕು ಗಾಡಿಗಳಿದ್ದವು. ಸಾಲು ಆಗಾಗ ಸ್ವಲ್ಪ ಸ್ವಲ್ಪವೇ ಮುಂದೆ ಸರಿಯುತ್ತದೆ. ಎಂಜಿನ್ ಆರಿಸುವ ಹಾಗಿಲ್ಲ, ಆರಿಸಿದರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ನನ್ನ ಸರಕು ತಣ್ಣಗಿರಬೇಕಾದದ್ದು, ಹಾಗಾಗಿ ಶೀತಕ ಯಂತ್ರವೂ ಓಡುತ್ತಲೇ ಇತ್ತು. ಹತ್ತೂಮುಕ್ಕಾಲಿಗೆ ಬಾಗಿಲಿಗೆ ಗಾಡಿ ಹಚ್ಚಿದೆ.

ದೊಡ್ಡ ಲಾರಿಯ ಎಂಜಿನ್ ನಿಂತಲ್ಲೇ ಓಡಿದರೆ ಗಂಟೆಗೆ ಸುಮಾರು 3 ಲೀಟರ್ ಡೀಸೆಲ್ ಹೋಗುತ್ತದೆ. ಅಂದು ಸಂಜೆ ನನ್ನ ಆ್ಯಪ್‌ನಲ್ಲಿ ‘ಇಂಧನ ಮಿತವ್ಯಯ’ದ ಅಂಕ ಕಡಿಮೆಯಾಗಿತ್ತು, ಅದರ ಕೆಳಗೆ ‘ಎಂಜಿನ್ ಅನಗತ್ಯವಾಗಿ ಓಡಿಸಲಾಗಿದೆ’ ಎಂದು ಬರೆದಿತ್ತು. ಗೋದಾಮಿನವರು ತಡ ಮಾಡಿದ ನಾಲ್ಕು ಗಂಟೆ ಯಾರ ಹೆಸರಿನಲ್ಲಿಯೂ ಇರಲಿಲ್ಲ. ಅಳೆಯುವುದಿದ್ದರೆ ಎರಡೂ ಕಡೆಯನ್ನು ಅಳೆಯಲಿ ಎಂಬುದಷ್ಟೇ ನನ್ನ ಕೋರಿಕೆ.

ಹಡಗಿನ ಎಂಜಿನಿಯರ್

ಚಾಲಕರು ಬರೆದದ್ದನ್ನು ಓದುವಾಗ ನಮ್ಮ ಕೆಲಸವನ್ನೇ ಯಾರೋ ವಿವರಿಸಿದಂತೆ ಅನ್ನಿಸಿತು. ಸಮುದ್ರದಲ್ಲಿ ಇದೇ ಕಥೆ ಸಾವಿರಾರು ಟನ್ ಇಂಧನದ ಅಳತೆಯಲ್ಲಿ ನಡೆಯುತ್ತದೆ. ಅಂತರರಾಷ್ಟ್ರೀಯ ಸಾಗರ ಸಂಸ್ಥೆ, ಅಂದರೆ ಐಎಂಒ, ತನ್ನ ನಾಲ್ಕನೇ ಅಧ್ಯಯನದಲ್ಲಿ ಕಂಡುಕೊಂಡಂತೆ 2018ರಲ್ಲಿ ಮನುಷ್ಯರಿಂದಾದ ಹಸಿರುಮನೆ ಅನಿಲಗಳಲ್ಲಿ ಹಡಗುಗಳ ಪಾಲು ಶೇ 2.89. ಆ ಇಂಧನದಲ್ಲಿ ಒಂದು ಭಾಗವನ್ನು ನಾವು ಬೇಗ ತಲುಪಿ ಸುಮ್ಮನೆ ಕಾಯುವುದಕ್ಕಾಗಿಯೇ ಸುಡುತ್ತೇವೆ.

ಹಡಗಿಗೆ ಬೇಕಾದ ಶಕ್ತಿ ಸ್ಥೂಲವಾಗಿ ವೇಗದ ಘನದ ಪ್ರಮಾಣದಲ್ಲಿ ಏರುತ್ತದೆ. ವೇಗವನ್ನು ಶೇ 10ರಷ್ಟು ಇಳಿಸಿದರೆ ಎಂಜಿನ್‌ನಿಂದ ಕೇಳುವ ಶಕ್ತಿ ಸುಮಾರು ಶೇ 27ರಷ್ಟು ಇಳಿಯುತ್ತದೆ. ಪ್ರಯಾಣದ ಅವಧಿ ಹೆಚ್ಚುವುದರಿಂದ ಅಷ್ಟೂ ಕೈಗೆ ಸಿಗುವುದಿಲ್ಲ. ಆದರೂ ಅದೇ ದೂರಕ್ಕೆ ಸುಮಾರು ಶೇ 19ರಷ್ಟು ಇಂಧನ ಉಳಿಯುತ್ತದೆ. ಹೊಸ ಎಂಜಿನ್ ಬೇಡ, ಹೊಸ ಇಂಧನವೂ ಬೇಡ. ಬೇಕಾಗಿರುವುದು ಹಡಗುಕಟ್ಟೆ ಯಾವಾಗ ಖಾಲಿಯಾಗುತ್ತದೆ ಎಂಬ ನಂಬಲರ್ಹ ಮಾಹಿತಿ, ಅದೂ ಎರಡು ಮೂರು ದಿನ ಮುಂಚಿತವಾಗಿ.

ಹಡಗು ತಾನಿರುವ ಜಾಗವನ್ನು ತಾನಾಗಿಯೇ ಬಿತ್ತರಿಸುವ ಎಐಎಸ್ ಸಂಕೇತಗಳು ಬಂದು ಇಪ್ಪತ್ತು ವರ್ಷಗಳಾದವು. ಯಾವ ಹಡಗು ಎಲ್ಲಿದೆ, ಎಷ್ಟು ವೇಗದಲ್ಲಿ ಬರುತ್ತಿದೆ ಎಂಬುದು ಇಂದು ಫೋನಿನಲ್ಲಿಯೇ ಕಾಣುತ್ತದೆ. ಹೀಗಿದ್ದರೂ ಪೂರ್ಣ ವೇಗದಲ್ಲಿ ಬಂದು ಬಂದರಿನ ಹೊರಗೆ ಲಂಗರು ಹಾಕಿ ಐದಾರು ದಿನ ನಿಂತ ಎಷ್ಟೋ ಪ್ರಯಾಣಗಳು ನನಗೆ ನೆನಪಿವೆ. ಇದಕ್ಕೆ ಕಾರಣ ಒಪ್ಪಂದದಲ್ಲಿದೆ. ಹಡಗು ಎಲ್ಲಿಯೂ ತಡಮಾಡದೆ ಧಾವಿಸಬೇಕೆಂದು ಬಾಡಿಗೆ ಕರಾರಿನಲ್ಲಿ ಬರೆದಿರುತ್ತದೆ. ಅನೇಕ ಬಂದರುಗಳಲ್ಲಿ ಮೊದಲು ಬಂದವರಿಗೆ ಮೊದಲ ಸರದಿ. ನಿಗದಿಗಿಂತ ಹೆಚ್ಚು ದಿನ ಕಾಯಿಸಿದರೆ ಹಡಗಿನ ಮಾಲೀಕರಿಗೆ ಡೆಮರೇಜ್ ಹಣ ಬರುತ್ತದೆ. ನಿಧಾನವಾಗಿ ಬಂದರೆ ಸರದಿಯೂ ಹೋಯಿತು, ಆ ಹಣವೂ ಹೋಯಿತು. ಹಡಗು ಮಾಲೀಕರ ಸಂಘಟನೆಯಾದ ಬಿಮ್ಕೋ 2021ರಲ್ಲಿ, ಸರಿಯಾದ ಹೊತ್ತಿಗೆ ತಲುಪಲು ವೇಗ ತಗ್ಗಿಸುವುದು ಕರಾರಿನ ಉಲ್ಲಂಘನೆಯಾಗದಂತೆ ನೋಡಿಕೊಳ್ಳುವ ಒಂದು ಮಾದರಿ ಕಲಮನ್ನು ಪ್ರಕಟಿಸಿತು. ನನ್ನ ದೃಷ್ಟಿಯಲ್ಲಿ ಆ ಕೆಲವೇ ಸಾಲುಗಳು ಉಳಿಸಬಲ್ಲ ಇಂಧನವನ್ನು ಎಷ್ಟೋ ದುಬಾರಿ ಉಪಕರಣಗಳು ಉಳಿಸಲಾರವು.

ತಂತ್ರಾಂಶ ಅಭಿವೃದ್ಧಿಗಾರ

ಸರಕು ಮತ್ತು ಗಾಡಿಗಳನ್ನು ಜೋಡಿಸುವ ತಂತ್ರಾಂಶ ಬರೆಯುವುದು ನನ್ನ ವೃತ್ತಿ. ಆದ್ದರಿಂದ ಖಾಲಿ ಓಟದ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಜೋಡಿಸುವ ಗಣಿತ ಕಷ್ಟದ್ದೇ, ಆದರೆ ಅದು ದಶಕಗಳಿಂದ ಚೆನ್ನಾಗಿ ತಿಳಿದಿರುವ ಕಷ್ಟ. ನಮ್ಮ ಕೈಕಟ್ಟುವುದು ಮಾಹಿತಿಯ ಕೊರತೆ. ಒಂದು ಸಾಗಣೆ ಸಂಸ್ಥೆಯ ಗಾಡಿ ಪ್ರತಿ ಗುರುವಾರ ಒಂದೇ ದಾರಿಯಲ್ಲಿ ಖಾಲಿ ಮರಳುತ್ತದೆ ಎಂಬುದು ಗ್ರಾಹಕರಿಗೆ ಗೊತ್ತಾದರೆ ಅವರು ಬಾಡಿಗೆ ಇಳಿಸಲು ಕೇಳುತ್ತಾರೆ, ಪ್ರತಿಸ್ಪರ್ಧಿಗೆ ಗೊತ್ತಾದರೆ ಗ್ರಾಹಕರನ್ನೇ ಸೆಳೆದುಕೊಳ್ಳುತ್ತಾರೆ. ಹಾಗಾಗಿ ಎಲ್ಲರೂ ತಮ್ಮ ಖಾಲಿ ಜಾಗವನ್ನು ಗುಟ್ಟಾಗಿ ಇಡುತ್ತಾರೆ. ಎರಡು ಅರ್ಧ ಖಾಲಿ ಲಾರಿಗಳು ಒಂದೇ ದಾರಿಯಲ್ಲಿ ಹಿಂದೆ ಮುಂದೆ ಓಡುತ್ತವೆ.

ದೊಡ್ಡ ಮಟ್ಟದಲ್ಲಿಯೂ ಆದದ್ದು ಇದೇ. ಹಡಗು ಕಂಪನಿ ಮರ್ಸ್ಕ್ ಮತ್ತು ಕಂಪ್ಯೂಟರ್ ಸಂಸ್ಥೆ ಐಬಿಎಂ ಸೇರಿ 2018ರಲ್ಲಿ ಆರಂಭಿಸಿದ ಟ್ರೇಡ್‌ಲೆನ್ಸ್ ವೇದಿಕೆ, ಹಲವರು ಹಂಚಿಕೊಳ್ಳುವ, ಗುಟ್ಟಾಗಿ ತಿದ್ದಲಾಗದ ದಾಖಲೆ ಪುಸ್ತಕದಂಥ ಬ್ಲಾಕ್‌ಚೈನ್ ಬಳಸಿ ಕಂಟೇನರ್ ಸಾಗಣೆಯ ದಾಖಲೆಗಳನ್ನು ಎಲ್ಲರಿಗೂ ಒಂದೆಡೆ ಸಿಗುವಂತೆ ಮಾಡಲು ಹೊರಟಿತ್ತು. 2022ರ ನವೆಂಬರಿನಲ್ಲಿ ಅದನ್ನು ಮುಚ್ಚುವುದಾಗಿ ಘೋಷಿಸಿದರು. ತಂತ್ರಜ್ಞಾನ ಕೆಲಸ ಮಾಡುತ್ತಿತ್ತು. ಇಡೀ ಉದ್ಯಮದ ಸಹಯೋಗ ದೊರೆಯಲಿಲ್ಲ ಎಂಬುದೇ ಅವರು ಕೊಟ್ಟ ಕಾರಣ. ಒಂದು ದೊಡ್ಡ ಹಡಗು ಕಂಪನಿಯ ಮನೆಯಂಗಳದಲ್ಲಿ ತಮ್ಮ ವ್ಯವಹಾರದ ವಿವರ ತಂದು ಸುರಿಯಲು ಉಳಿದವರು ಹಿಂಜರಿದದ್ದು ಸಹಜ ಎಂದು ನಾನು ಭಾವಿಸುತ್ತೇನೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಕಂಟೇನರಿನದ್ದೇ. 1956ರ ಏಪ್ರಿಲ್‌ನಲ್ಲಿ ಅಮೆರಿಕದ ಸಾಗಣೆ ಉದ್ಯಮಿ ಮಾಲ್ಕಮ್ ಮೆಕ್‌ಲೀನ್ ಅವರ ಐಡಿಯಲ್ ಎಕ್ಸ್ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ನ್ಯೂವಾರ್ಕಿನಿಂದ ಹ್ಯೂಸ್ಟನ್‌ಗೆ ಹೊರಟಿತು. ಆದರೆ ಪೆಟ್ಟಿಗೆ ಜಗತ್ತನ್ನು ಬದಲಿಸಿದ್ದು ಅದರ ಅಳತೆ ಮತ್ತು ಮೂಲೆಗಳ ಹಿಡಿಕೆ ಎಲ್ಲ ಕಡೆ ಒಂದೇ ಆದ ಮೇಲೆ. ಆ ಮೂಲೆ ಹಿಡಿಕೆಯ ಪೇಟೆಂಟನ್ನು ಮೆಕ್‌ಲೀನ್ ರಾಯಧನವಿಲ್ಲದೆ ಬಿಟ್ಟುಕೊಟ್ಟರು, ಆದ್ದರಿಂದಲೇ ಯಾವ ಕ್ರೇನ್ ಬೇಕಾದರೂ ಯಾವ ಪೆಟ್ಟಿಗೆಯನ್ನು ಬೇಕಾದರೂ ಎತ್ತುವಂತಾಯಿತು. ಮಾಹಿತಿಗೂ ಅಂಥ ಮೂಲೆ ಹಿಡಿಕೆ ಬೇಕಾಗಿದೆ. ಪ್ರತಿಯೊಬ್ಬರೂ ತಮ್ಮ ದತ್ತಾಂಶವನ್ನು ತಮ್ಮಲ್ಲೇ ಇಟ್ಟುಕೊಂಡು, ಬೇಕಾದಷ್ಟನ್ನು ಮಾತ್ರ ಒಂದೇ ರೂಪದಲ್ಲಿ ಕೊಡಬಲ್ಲ ವ್ಯವಸ್ಥೆ ಬರಬೇಕು. ಯುರೋಪಿಯನ್ ಒಕ್ಕೂಟದ 2020ರ ವಿದ್ಯುನ್ಮಾನ ಸರಕು ಮಾಹಿತಿ ನಿಯಮ ಈ ದಾರಿಯಲ್ಲಿದೆ. 2027ರ ಜುಲೈನಿಂದ ಅಲ್ಲಿನ ಸರಕಾರಿ ಅಧಿಕಾರಿಗಳು ಪ್ರಮಾಣಿತ ವೇದಿಕೆಗಳ ಮೂಲಕ ಕೊಟ್ಟ ಡಿಜಿಟಲ್ ದಾಖಲೆಯನ್ನು ಒಪ್ಪಲೇಬೇಕಾಗುತ್ತದೆ.

ದಾಖಲೆ ವಿಭಾಗದವರು

ಹಡಗಿನ ಬಿಲ್ ಆಫ್ ಲೇಡಿಂಗ್, ಅಂದರೆ ಸರಕು ಹಡಗೇರಿದಾಗ ಸಾಗಣೆದಾರರು ಕೊಡುವ ಪತ್ರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದು ಬರೀ ರಸೀದಿಯಲ್ಲ. ಮೂಲ ಪ್ರತಿ ಯಾರ ಕೈಯಲ್ಲಿದೆಯೋ ಸರಕಿನ ಹಕ್ಕು ಅವರದ್ದು. ಸ್ಕ್ಯಾನ್ ಮಾಡಿ ಕಳಿಸಿದರೆ ಸಾಲದೆಂಬುದಕ್ಕೆ ಕಾರಣ ಅದೇ. ಸರಕು ಬಂದರಿಗೆ ಬಂದಿಳಿದು, ಕಾಗದ ಮಾತ್ರ ಬ್ಯಾಂಕಿನಿಂದ ಬ್ಯಾಂಕಿಗೆ ಕೊರಿಯರ್‌ನಲ್ಲಿ ಅಲೆಯುತ್ತಿದ್ದಾಗ ಶೀತಲ ಕಂಟೇನರುಗಳು ದಿನಗಟ್ಟಲೆ ವಿದ್ಯುತ್ ಉಣ್ಣುತ್ತ ನಿಂತದ್ದನ್ನು ನೋಡಿದ್ದೇನೆ. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ 2017ರಲ್ಲಿ ಮಾದರಿ ಕಾನೂನೊಂದನ್ನು ರೂಪಿಸಿ, ವಿದ್ಯುನ್ಮಾನ ದಾಖಲೆಯೂ ಒಂದೇ ಮೂಲ ಪ್ರತಿಯಾಗಿ ಒಬ್ಬರ ಹತೋಟಿಯಲ್ಲಿ ಇರಬಹುದೆಂದು ಒಪ್ಪಿತು. ಬ್ರಿಟನ್ 2023ರಲ್ಲಿ ಅಂಥದೇ ಕಾಯ್ದೆ ತಂದಿತು. ವ್ಯಾಪಾರ ಕರಾರುಗಳಲ್ಲಿ ಬಹಳಷ್ಟು ಇಂಗ್ಲಿಷ್ ಕಾನೂನಿಗೆ ಒಳಪಟ್ಟಿರುವುದರಿಂದ ಇದು ಸಣ್ಣ ಸಂಗತಿಯಲ್ಲ.

ಗೋದಾಮು ಮೇಲ್ವಿಚಾರಕಿ

ಚಾಲಕರೇ, ನಿಮ್ಮನ್ನು ಗೇಟಿನಲ್ಲಿ ನಿಲ್ಲಿಸುವ ಬಾಗಿಲಿನ ಒಳಗೆ ಕೆಲಸ ಮಾಡುವವಳು ನಾನು. ಆದ್ದರಿಂದ ಒಳಗಿನ ಸ್ಥಿತಿ ಹೇಳುತ್ತೇನೆ. ನಮ್ಮಲ್ಲಿ ಸರಕು ಹೆಕ್ಕುವ ಕೆಲಸ ಸ್ವಯಂಚಾಲಿತವಾದ ಮೇಲೆ ಹೆಕ್ಕುವ ವೇಗ ಹೆಚ್ಚಿತು, ಬಾಗಿಲುಗಳ ಸಂಖ್ಯೆ ಹೆಚ್ಚಲಿಲ್ಲ. ಪೆಟ್ಟಿಗೆಗಳು ಬಾಗಿಲಿನ ಬಳಿ ರಾಶಿ ಬೀಳುತ್ತವೆ, ಇಳಿಸಲು ಜಾಗವಿಲ್ಲದೆ ಒಳಬರುವ ಗಾಡಿ ನಿಲ್ಲುತ್ತದೆ. ಒಂದು ಕೊಂಡಿಯನ್ನು ಮಾತ್ರ ಚುರುಕುಗೊಳಿಸಿದರೆ ಕಾಯುವಿಕೆ ಪಕ್ಕದ ಕೊಂಡಿಗೆ ಸರಿಯುತ್ತದೆ. ಬಂದರುಗಳಲ್ಲಿಯೂ ಹೀಗೇ ಇರಬೇಕು. ರಾಟರ್‌ಡ್ಯಾಮ್‌ನಲ್ಲಿ 1993ರಲ್ಲಿಯೇ ಚಾಲಕರಿಲ್ಲದ ಗಾಡಿಗಳ ಟರ್ಮಿನಲ್ ಬಂದಿತ್ತು. ಆದರೂ ಸ್ವಯಂಚಾಲಿತ ಬಂದರುಗಳು ಸಾಮಾನ್ಯವಾಗಿ ಉಳಿದವುಗಳಿಗಿಂತ ಹೆಚ್ಚು ಉತ್ಪಾದಕವಾಗಿಲ್ಲ ಎಂದು ಇಂಟರ್‌ನ್ಯಾಷನಲ್ ಟ್ರಾನ್ಸ್‌ಪೋರ್ಟ್ ಫೋರಮ್ 2021ರಲ್ಲಿ ಹೇಳಿತು.

ನಿಜವಾಗಿ ಉಪಯೋಗವಾದದ್ದು ನಮ್ಮಲ್ಲಿ ಯಾರೂ ಹೆಚ್ಚು ಮಾತನಾಡದ ಒಂದು ಯಂತ್ರ. ಅದು ವಸ್ತುವಿನ ಅಳತೆ ನೋಡಿ ಅದಕ್ಕೆ ತಕ್ಕ ಎತ್ತರಕ್ಕೆ ರಟ್ಟಿನ ಪೆಟ್ಟಿಗೆ ಕತ್ತರಿಸುತ್ತದೆ. ಮೊದಲು ಲಾರಿಯ ಬಾಗಿಲು ಮುಚ್ಚುವ ಮುನ್ನ ನೋಡಿದರೆ ನೆಲವೆಲ್ಲ ತುಂಬಿರುತ್ತಿತ್ತು, ಪ್ಯಾಲೆಟ್‌ಗಳ (ಸರಕು ಪೇರಿಸುವ ಹಲಗೆಗಳ) ಮೇಲೆ ಛಾವಣಿಯವರೆಗೆ ಒಂದಾಳಿನಷ್ಟು ಗಾಳಿ ಇರುತ್ತಿತ್ತು, ಪೆಟ್ಟಿಗೆಗಳ ಒಳಗೆ ಇನ್ನಷ್ಟು ಗಾಳಿ. ಹಗುರ ಸರಕಿನಲ್ಲಿ ತೂಕದ ಮಿತಿಗೆ ಮೊದಲೇ ಜಾಗ ಮುಗಿದುಹೋಗುತ್ತದೆ. ಪೆಟ್ಟಿಗೆ ಕುಗ್ಗಿ, ಎರಡನೇ ಪ್ಯಾಲೆಟ್ ಮೇಲೆ ಕೂರುವಂತಾದ ಮೇಲೆ ಅದೇ ಸರಕಿಗೆ ಕರೆಸುವ ಲಾರಿಗಳೇ ಕಡಿಮೆಯಾದವು.

ಆದರೆ ಆ ಉಳಿತಾಯವನ್ನು ನಾವು ಉಳಿಸಿಕೊಳ್ಳಲಿಲ್ಲ ಎಂಬ ನೋವು ನನಗಿದೆ. ವೇಗ ಬಂದಿದೆಯಲ್ಲ ಎಂದು ಗ್ರಾಹಕರಿಗೆ ಎರಡು ದಿನದ ಬದಲು ಮರುದಿನವೇ ತಲುಪಿಸುವ ಭರವಸೆ ಕೊಟ್ಟರು. ಮರುದಿನ ಹೊರಡಲೇಬೇಕಾದ ಗಾಡಿ ತುಂಬುವವರೆಗೆ ಕಾಯುವುದಿಲ್ಲ. ಈಗ ಸಂಜೆ ಏಳರ ಗಾಡಿ ಎಷ್ಟೋ ಸಲ ಮುಕ್ಕಾಲು ಪಾಲು ಖಾಲಿ ಹೊರಡುತ್ತದೆ.

ರೈಲು ಸರಕು ವಿಭಾಗದವರು

ಮೇಲ್ವಿಚಾರಕಿಯವರ ‘ಒಂದು ಕೊಂಡಿ’ ಎಂಬ ಮಾತು ನಮಗೆ ಅಕ್ಷರಶಃ ಅನ್ವಯಿಸುತ್ತದೆ. ಒಂದು ಟನ್ ಸರಕಿಗೆ ರೈಲು ಲಾರಿಗಿಂತ ಬಹಳ ಕಡಿಮೆ ಶಕ್ತಿ ಬಳಸುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಯುರೋಪಿನ ಸರಕು ವ್ಯಾಗನ್‌ಗಳನ್ನು ಇಂದಿಗೂ ಬಹುಪಾಲು ಕೈಯಿಂದಲೇ ಜೋಡಿಸುತ್ತಾರೆ. ಕೆಲಸಗಾರರು ಎರಡು ವ್ಯಾಗನ್‌ಗಳ ನಡುವೆ ಬಾಗಿ ನುಸುಳಿ, ಭಾರದ ಕೊಂಡಿಯನ್ನು ಎತ್ತಿ ಕೊಕ್ಕೆಗೆ ಹಾಕಿ, ತಿರುಪು ಬಿಗಿದು, ಗಾಳಿಯ ಕೊಳವೆ ಸೇರಿಸಿ ಹೊರಬರಬೇಕು. ಆಮೇಲೆ ಬ್ರೇಕ್ ಪರೀಕ್ಷೆಗೆಂದು ರೈಲಿನ ಉದ್ದಕ್ಕೂ ನಡೆಯಬೇಕು, ಅದು 740 ಮೀಟರ್ ಇರಬಹುದು. ಅಮೆರಿಕ 1893ರಲ್ಲಿಯೇ ಕಾಯ್ದೆ ತಂದು ಸ್ವಯಂಚಾಲಿತ ಕೊಂಡಿಯನ್ನು ಕಡ್ಡಾಯಗೊಳಿಸಿತು, ಅದೂ ಕೆಲಸಗಾರರ ಕೈಕಾಲು ಉಳಿಸಲು. ಯುರೋಪ್ ಈಗ ಪ್ರಯತ್ನಿಸುತ್ತಿರುವ ಡಿಜಿಟಲ್ ಸ್ವಯಂಚಾಲಿತ ಕೊಂಡಿ ಗಾಳಿಯ ಜೊತೆಗೆ ವಿದ್ಯುತ್ತನ್ನೂ ದತ್ತಾಂಶವನ್ನೂ ಜೋಡಿಸುತ್ತದೆ. ಬ್ರೇಕ್ ಪರೀಕ್ಷೆಯನ್ನು ಎಂಜಿನ್‌ನಲ್ಲಿ ಕೂತೇ ಮಾಡಬಹುದು. ಆದರೆ ಅರ್ಧ ವ್ಯಾಗನ್‌ಗಳಿಗೆ ಹಳೆಯ ಕೊಂಡಿ, ಅರ್ಧಕ್ಕೆ ಹೊಸದು ಎಂದಾದರೆ ಕೆಲಸ ನಡೆಯದು. ಲಕ್ಷಾಂತರ ವ್ಯಾಗನ್‌ಗಳನ್ನು ಹೆಚ್ಚುಕಡಿಮೆ ಒಟ್ಟಿಗೆ ಬದಲಿಸಬೇಕು, ಖರ್ಚು ವ್ಯಾಗನ್ ಮಾಲೀಕರದ್ದು, ಲಾಭ ರೈಲು ಓಡಿಸುವವರದ್ದು. ಅದು ನಿಂತಿರುವುದು ಇಲ್ಲಿಯೇ.

ತಂತ್ರಾಂಶ ಅಭಿವೃದ್ಧಿಗಾರ

ಲಾರಿಗಳನ್ನು ಒಂದರ ಹಿಂದೊಂದು ಹತ್ತಿರ ಓಡಿಸಿ ಗಾಳಿಯ ಅಡ್ಡಿ ತಗ್ಗಿಸುವ ಪ್ಲಟೂನಿಂಗ್ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. 2016ರಲ್ಲಿ ಹಲವು ದೇಶಗಳಿಂದ ಅಂಥ ಸಾಲುಗಳು ರಾಟರ್‌ಡ್ಯಾಮ್‌ಗೆ ಬಂದು ಸೇರಿದಾಗ ನನಗೂ ಬಹಳ ಉತ್ಸಾಹವಿತ್ತು. 2019ರಲ್ಲಿ ಲಾರಿ ತಯಾರಕ ಡೈಮ್ಲರ್ ಆ ಯೋಜನೆಯಿಂದ ಹಿಂದೆ ಸರಿಯಿತು, ಏಕೆಂದರೆ ನಿಜ ರಸ್ತೆಯಲ್ಲಿ ಸಾಲು ಮತ್ತೆ ಮತ್ತೆ ಒಡೆಯುತ್ತಿತ್ತು ಮತ್ತು ಮತ್ತೆ ಸೇರಿಕೊಳ್ಳಲು ವೇಗ ಹೆಚ್ಚಿಸಬೇಕಾದಾಗ ಉಳಿದ ಇಂಧನ ಕರಗಿಹೋಗುತ್ತಿತ್ತು.

ಚಾಲಕರೇ, ನಿಮ್ಮ ಆ್ಯಪ್‌ನಂಥದ್ದನ್ನು ನಾನೂ ಬರೆದಿದ್ದೇನೆ. ಎಂಜಿನ್ ಓಡುತ್ತಿತ್ತೇ ಎಂದು ನೋಡಿದೆವೇ ಹೊರತು ಗಾಡಿ ಯಾರ ಗೇಟಿನ ಮುಂದೆ ನಿಂತಿತ್ತು ಎಂದು ನೋಡಲಿಲ್ಲ. ಅದನ್ನು ಸೇರಿಸಲು ತಾಂತ್ರಿಕವಾಗಿ ಏನೇನೂ ಅಡ್ಡಿ ಇರಲಿಲ್ಲ. ಕ್ಷಮೆ ಇರಲಿ.

ಸರಕು ಯೋಜಕ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ಚರ್ಚೆಯನ್ನು ಮುದ್ರಿಸಿ ನಮ್ಮ ಸಭೆಗೆ ಒಯ್ದಿದ್ದೆ. ಮೂರು ಬದಲಾವಣೆಗಳಿಗೆ ಒಪ್ಪಿಗೆ ಸಿಕ್ಕಿತು. ಟ್ರಿಪ್ ‘ಮುಗಿಯಿತು’ ಎಂಬ ಗುರುತು ಇನ್ನು ಮುಂದೆ ಗಾಡಿ ಮುಂದಿನ ಲೋಡು ಹತ್ತಿಸಿಕೊಂಡಾಗ ಮಾತ್ರ ಬೀಳುತ್ತದೆ, ನಡುವಿನ ಖಾಲಿ ದಾರಿ ಹಿಂದಿನ ಟ್ರಿಪ್‌ಗೇ ಸೇರುತ್ತದೆ. ಟನ್-ಕಿಲೋಮೀಟರಿಗೆ ಕಡಿಮೆ ದೂರದ ನಿಯಮ ಅನುಸರಿಸುತ್ತೇವೆ. ಕಳೆದ ವರ್ಷದ ವರದಿಯ ಅಂಕಿಯನ್ನು ತಿದ್ದಿ ಮತ್ತೆ ಪ್ರಕಟಿಸುತ್ತೇವೆ. ಈ ಕೊನೆಯದಕ್ಕೆ ಸಾಕಷ್ಟು ವಿರೋಧ ಬಂತು. ಡೀಸೆಲ್ ಲೆಡ್ಜರನ್ನು ಮೇಜಿನ ಮೇಲೆ ಬಿಚ್ಚಿಟ್ಟ ಮೇಲೆ ಒಪ್ಪಿದರು.

ಗೇಟಿನಲ್ಲಿ ಕಾದ ಹೊತ್ತನ್ನು ಗೋದಾಮಿನ ಹೆಸರಿನಲ್ಲಿ ದಾಖಲಿಸುವ ಕಾಲಮ್ ಕೂಡ ಸಿದ್ಧವಾಗುತ್ತಿದೆ. ಅಲ್ಲೊಂದು ತೊಡಕಿದೆ. ಗಾಡಿ ಬಂದದ್ದು ಯಾವಾಗ ಎಂದು ಗೇಟಿನ ಕ್ಯಾಮೆರಾ ಬರೆದುಕೊಳ್ಳುತ್ತದೆ, ಆದರೆ ಅದು ನಂಬರ್ ಪ್ಲೇಟ್ ಓದುವುದು ತಡೆಗಂಬದ ಹತ್ತಿರ. ಚಾಲಕರೇ, ಕಾಯುವಿಕೆ ಎಲ್ಲಿಂದ ಶುರುವಾಗುತ್ತದೆಂದು ನಾವು ಹಿಡಿಯಬೇಕು?

ದೂರದ ದಾರಿಯ ಚಾಲಕ

ತಡೆಗಂಬದಿಂದ ಹಿಡಿದರೆ ನನ್ನ ಆ ದಿನದ ನಾಲ್ಕು ಗಂಟೆಯಲ್ಲಿ ಇಪ್ಪತ್ತು ನಿಮಿಷವೂ ದಾಖಲಾಗುವುದಿಲ್ಲ, ಸಾಲು ಇರುವುದೆಲ್ಲ ಹೊರಗಿನ ರಸ್ತೆಯಲ್ಲಿ. ನನ್ನ ಗಾಡಿಯ ಜಿಪಿಎಸ್ ನಿಮ್ಮ ಬಳಿ ಇದೆಯಲ್ಲ. ಗೇಟಿನಿಂದ ಒಂದು ಕಿಲೋಮೀಟರ್ ಒಳಗೆ ಬಂದು, ವೇಗ ನಡೆಯುವಷ್ಟಕ್ಕೆ ಇಳಿದ ಕ್ಷಣದಿಂದ ಹಿಡಿಯಿರಿ. ಗಾಡಿ ಬಾಗಿಲಿಗೆ ಹಚ್ಚಿದಾಗ ನಿಲ್ಲಿಸಬೇಡಿ, ಸಹಿ ಮಾಡಿದ ಕಾಗದ ಕೈಗೆ ಬಂದಾಗ ನಿಲ್ಲಿಸಿ. ಅದಕ್ಕೂ ಕೆಲವೊಮ್ಮೆ ಒಂದು ಗಂಟೆ ಆಗುತ್ತದೆ.